ಹಗುರ ಪಿಎ: ಬ್ಯಾಂಡಿಗೆ ಸಣ್ಣ ಸ್ಪೀಕರ್ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಹಳೆಯ ಮಾದರಿಯ ಒಂದು ಪಿಎ (ಬ್ಯಾಂಡಿನ ದನಿಯನ್ನು ಜನರಿಗೆ ಮುಟ್ಟಿಸುವ ಸ್ಪೀಕರ್ ವ್ಯವಸ್ಥೆ) ಸೆಟ್ಟಿನ ತೂಕ ಕೂಡಿ ನೋಡಿ. 15 ಇಂಚಿನ ಎರಡು ಪ್ಲೈವುಡ್ ಸ್ಪೀಕರ್ ಡಬ್ಬ, ತಲಾ 40 ಕೆಜಿ. 18 ಇಂಚಿನ ಎರಡು ಸಬ್ (ಬಾಸ್, ಅಂದರೆ ತಗ್ಗು ದನಿಯನ್ನು ಕೊಡುವ ಡಬ್ಬ), ತಲಾ 50. ಆಂಪ್ಲಿಫೈಯರ್ ರ‍್ಯಾಕ್ 35. ದೊಡ್ಡ ಅನಲಾಗ್ ಮಿಕ್ಸರ್ ಮತ್ತು ಸಭಾಂಗಣದ ಹಿಂದಿನ ತನಕ ಎಳೆಯುವ ಮಲ್ಟಿಕೋರ್ ಕೇಬಲ್ ಸೇರಿ ಇನ್ನೊಂದು 35. ಗಾಯಕರ ಕಾಲಬುಡದಲ್ಲಿಡುವ ನಾಲ್ಕು ಮಾನಿಟರ್, ತಲಾ 18. ಒಟ್ಟು 322 ಕೆಜಿ. ಈಗ ಇದೇ ಬ್ಯಾಂಡ್ 10 ಇಂಚಿನ ಎರಡು ಆಕ್ಟಿವ್ ಟಾಪ್ (ಆಂಪ್ಲಿಫೈಯರ್ ಒಳಗೇ ಇರುವ, ಬಾಸಿಗಿಂತ ಮೇಲಿನ ದನಿ ಕೊಡುವ ಸ್ಪೀಕರ್) 30 ಕೆಜಿ, 15 ಇಂಚಿನ ಒಂದು ಸಬ್ 35, ಸ್ಟ್ಯಾಂಡುಗಳು 10, ಡಿಜಿಟಲ್ ಮಿಕ್ಸರ್ 5, ಕಿವಿಯೊಳಗಿನ ಮಾನಿಟರ್ ಸಾಮಗ್ರಿ 4, ಕೇಬಲ್ 12 ಎಂದು ಹೊರಟರೆ 96 ಕೆಜಿ. ಎರಡು ಸುತ್ತು ಓಡಾಡಿದರೆ ಸಾಮಾನೆಲ್ಲ ಗಾಡಿ ಸೇರುತ್ತದೆ.

ತೂಕ ಎಲ್ಲೆಲ್ಲಿ ಇಳಿಯಿತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಆಂಪ್ಲಿಫೈಯರ್ ಕ್ಲಾಸ್-ಡಿ (ಕರೆಂಟನ್ನು ಕಡಿಮೆ ಪೋಲು ಮಾಡುವ ಬಗೆ) ಆಯಿತು. ಬಿಸಿ ಕಡಿಮೆಯಾಗಿ ಹೀಟ್‌ಸಿಂಕ್ ಚಿಕ್ಕದಾಯಿತು. ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್ ಹೋಗಿ ಎಸ್‌ಎಂಪಿಎಸ್ ಎಂಬ ಹಗುರ ವಿದ್ಯುತ್ ಪೂರೈಕೆ ಬಂತು. ಹಲವು ಡ್ರೈವರುಗಳಲ್ಲಿ (ಡಬ್ಬದೊಳಗೆ ದನಿ ಹುಟ್ಟಿಸುವ ಭಾಗ) ಫೆರೈಟ್ ಅಯಸ್ಕಾಂತದ ಜಾಗಕ್ಕೆ ನಿಯೋಡಿಮಿಯಂ ಬಂತು. ಈ ಮೂರರಿಂದ ಇಳಿದ ತೂಕ ನಿಮಗೆ ಸಿಕ್ಕ ಲಾಭ, ಅದಕ್ಕಾಗಿ ದನಿಯಲ್ಲಿ ಏನನ್ನೂ ಬಿಟ್ಟುಕೊಟ್ಟಿಲ್ಲ. ಉಳಿದ ಇಳಿಕೆಯೆಲ್ಲ ಡಬ್ಬ ಚಿಕ್ಕದಾದ್ದರಿಂದ ಬಂದದ್ದು, ಅದಕ್ಕೆ ಬೆಲೆ ತೆರಲೇಬೇಕು. ಡಬ್ಬದ ಗಾತ್ರ, ಬಾಸ್ ಎಷ್ಟು ಕೆಳಗಿಳಿಯುತ್ತದೆ, ಒಂದು ವ್ಯಾಟ್‌ಗೆ ಎಷ್ಟು ಜೋರು ಬರುತ್ತದೆ ಎಂಬ ಮೂರರಲ್ಲಿ ಎರಡನ್ನಷ್ಟೇ ನೀವು ಆರಿಸಿಕೊಳ್ಳಬಹುದು. ಮೂರನೆಯದು ತಾನಾಗಿಯೇ ತೀರ್ಮಾನವಾಗುತ್ತದೆ. 80 ಹರ್ಟ್ಜ್‌ನಲ್ಲಿ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಅದುರು; ಕಡಿಮೆಯಾದಷ್ಟೂ ದನಿ ತಗ್ಗು) ಕೋನ್, ಅಂದರೆ ಸ್ಪೀಕರಿನ ಅದುರುವ ಮುಖ, ಎಷ್ಟು ಗಾಳಿ ತಳ್ಳುತ್ತದೋ ಅಷ್ಟೇ ಜೋರು 40 ಹರ್ಟ್ಜ್‌ನಲ್ಲಿ ಬೇಕಾದರೆ ಅದರ ನಾಲ್ಕು ಪಟ್ಟು ತಳ್ಳಬೇಕು. ಯಾವ ತಂತ್ರಜ್ಞಾನವೂ ಈ ನಾಲ್ಕು ಪಟ್ಟನ್ನು ಮೂರು ಪಟ್ಟಿಗೆ ಇಳಿಸಿಲ್ಲ.

ಆದ್ದರಿಂದ ಸ್ಪೀಕರ್ ನೋಡಲು ಹೊರಡುವ ಮೊದಲು ಎರಡು ಸಂಗತಿ ಇತ್ಯರ್ಥವಾಗಿರಲಿ: ಪಿಎ ಮೂಲಕ ಯಾವ ಯಾವ ವಾದ್ಯ ಹೋಗಬೇಕು, ಮತ್ತು ಕೊನೆಯ ಸಾಲಿನ ಕೇಳುಗ ಎಷ್ಟು ಮೀಟರ್ ದೂರದಲ್ಲಿದ್ದಾನೆ.

ಯಾವ ವಾದ್ಯ ಪಿಎಗೆ, ಯಾವುದು ಬೇಡ

ಗಂಡು ದನಿಯ ತೀರ ಕೆಳಗಿನ ಸ್ವರ ಸುಮಾರು 80 ಹರ್ಟ್ಜ್. ಗಿಟಾರಿನ ದಪ್ಪ ತಂತಿಯೂ 82. ಹಾಡು, ಅಕೌಸ್ಟಿಕ್ ಗಿಟಾರ್, ಕೊಳಲು, ಪಿಟೀಲು ಇಷ್ಟನ್ನೇ ಪಿಎ ಹೊರಬೇಕಾದರೆ ಸಬ್ ಬೇಕಿಲ್ಲ, 8 ಅಥವಾ 10 ಇಂಚಿನ ಎರಡು ಒಳ್ಳೆಯ ಟಾಪ್ ಸಾಕು. ಬಾಸ್ ಗಿಟಾರ್ ತನ್ನದೇ ಆಂಪ್‌ನಲ್ಲಿ, ಡ್ರಮ್ಸ್ ಮೈಕ್ ಇಲ್ಲದೆ ನುಡಿಯುವ ಚಿಕ್ಕ ಜಾಗಗಳಲ್ಲಿ ಎಷ್ಟೋ ಬ್ಯಾಂಡುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದೇ ಇಲ್ಲ.

ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಪಿಎಗೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಅದರ ಗುದ್ದು ಇರುವುದು ಹೆಚ್ಚುಕಡಿಮೆ 50ರಿಂದ 80 ಹರ್ಟ್ಜ್ ನಡುವೆ. ನಾಲ್ಕು ತಂತಿಯ ಬಾಸ್ ಗಿಟಾರ್ 41 ಹರ್ಟ್ಜ್ ತನಕ, ಐದು ತಂತಿಯದು 31ರ ತನಕ ಇಳಿಯುತ್ತದೆ. ಅಂಕಿ ನೋಡಿ ಹೆದರಬೇಡಿ: ಬಾಸ್ ಗಿಟಾರಿನಲ್ಲಿ ಎರಡನೆಯ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಹರ್ಟ್ಜ್ ಇರುವ ದನಿ) ಬಲವಾಗಿರುತ್ತದೆ, 41 ಹರ್ಟ್ಜ್ ಸ್ವರವನ್ನು ಕಿವಿ ಬಹುಪಾಲು 82ರಲ್ಲೇ ಗುರುತು ಹಿಡಿಯುತ್ತದೆ. 50 ಹರ್ಟ್ಜ್ ತನಕ ನಿಜವಾಗಿ ಇಳಿಯುವ ಒಂದು ಸಬ್ ಸಾಮಾನ್ಯ ಬ್ಯಾಂಡಿಗೆ ತುಂಬಿದ ಬಾಸ್ ಕೊಡುತ್ತದೆ. ಕೀಬೋರ್ಡಿನಿಂದ ಸಿಂತ್ ಬಾಸ್ ನುಡಿಸುವವರು, ನೃತ್ಯಕ್ಕೆ ಟ್ರ್ಯಾಕ್ ಹಾಕುವವರು ಮಾತ್ರ ಅದಕ್ಕಿಂತ ಕೆಳಗಿನದರ ಚಿಂತೆ ಮಾಡಬೇಕು.

ವಾದ್ಯಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು ಪ್ರತಿಯೊಂದರ ಮುಂದೆ "ಪಿಎ" ಅಥವಾ "ವೇದಿಕೆಯಿಂದಲೇ" ಎಂದು ಗುರುತು ಹಾಕಿ. ಮಿಕ್ಸರಿಗೆ ಎಷ್ಟು ಚಾನೆಲ್ ಬೇಕು ಎಂಬುದೂ ಈ ಹಾಳೆಯಿಂದಲೇ ತಿಳಿಯುತ್ತದೆ.

ಎಷ್ಟು ಜೋರು, ಎಷ್ಟು ದೂರ

ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಂತೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನ ಅಂಕಿಗಳನ್ನು ಕೊಡುವುದು 1 ಮೀಟರ್ ದೂರಕ್ಕೆ. ಹಾಗಾಗಿ 4 ಮೀಟರ್‌ನಲ್ಲಿ 12, 8ರಲ್ಲಿ 18, 10ರಲ್ಲಿ 20, 15ರಲ್ಲಿ 23.5, 16ರಲ್ಲಿ 24 ಡೆಸಿಬಲ್ ಕಳೆಯಬೇಕು. ಕೋಣೆಯೊಳಗೆ ಗೋಡೆಗಳ ಪ್ರತಿಧ್ವನಿಯಿಂದ ಇಳಿಕೆ ಇದಕ್ಕಿಂತ ಕಡಿಮೆ, ಆದರೆ ಹಾಗೆ ಬರುವ ದನಿ ಕಲಸಿದ ದನಿ; ಹಾಡಿನ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ನೇರ ಬರುವ ದನಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಉದಾಹರಣೆಗೆ, ಕೊನೆಯ ಸಾಲು 15 ಮೀಟರ್ ದೂರದಲ್ಲಿದೆ, ಅಲ್ಲಿ ಸರಾಸರಿ 95 ಡೆಸಿಬಲ್ ಬೇಕು ಎಂದುಕೊಳ್ಳಿ. ಮಾತನ್ನು ಕೂಗಿ ಆಡಬೇಕಾಗುವಷ್ಟು ಜೋರು ಅದು, ಕುಣಿಯುವ ಜನಕ್ಕೆ ಸಾಕು. ನೇರ ಸಂಗೀತದಲ್ಲಿ ಪೆಟ್ಟುಗಳ ತುದಿ ಸರಾಸರಿಗಿಂತ ಸುಮಾರು 12 ಡೆಸಿಬಲ್ ಮೇಲಿರುತ್ತದೆ, ಅಂದರೆ 107. ದೂರಕ್ಕೆ 23.5 ಸೇರಿಸಿದರೆ 130.5. ಎರಡು ಸ್ಪೀಕರ್ ಇರುವುದರಿಂದ 3 ಕಳೆಯಿರಿ, 127.5. ಉಸಿರಾಡಲು ಜಾಗವೆಂದು 3 ಸೇರಿಸಿದರೆ 130.5. ಗರಿಷ್ಠ ಪೀಕ್ 130 ಡೆಸಿಬಲ್ ಎಂದು ಪ್ರಾಮಾಣಿಕವಾಗಿ ಹೇಳುವ ಒಂದು ಜೊತೆ ಟಾಪ್ ಈ ಕೆಲಸಕ್ಕೆ ಅಂಚಿನಲ್ಲಿ ನಿಲ್ಲುತ್ತದೆ. ಕೊನೆಯ ಸಾಲು 10 ಮೀಟರಿಗೆ ಬಂದರೆ ಬೇಕಾದದ್ದು 127, ಆಗ ಅದೇ ಜೊತೆ ಆರಾಮವಾಗಿ ನುಡಿಯುತ್ತದೆ. ಹಿನ್ನೆಲೆ ಸಂಗೀತದಂತೆ 85 ಸಾಕು ಎನ್ನುವ ಕಡೆ ಇನ್ನೂ 10 ಇಳಿಸಿ. 8 ಇಂಚಿನ ಚಿಕ್ಕ ಡಬ್ಬಗಳೂ ನಗುನಗುತ್ತಾ ಹೊರುತ್ತವೆ.

ಜೋರು ಬೇಕೆಂದು ಮಿತಿ ಮೀರಬೇಡಿ. ಕೆಲಸದ ಜಾಗದ ದನಿಗೆ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸುವ ಮಿತಿ 85 ಡಿಬಿಎಗೆ (ಕಿವಿ ಕೇಳುವ ಬಗೆಗೆ ಹೊಂದಿಸಿ ಅಳೆದ ಡೆಸಿಬಲ್) 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧ. 100 ಡಿಬಿಎ ಮುಟ್ಟುವಾಗ ಉಳಿಯುವುದು 15 ನಿಮಿಷ. ವೇದಿಕೆಯ ಮೇಲಿರುವ ನಿಮ್ಮ ಕಿವಿಗೂ ಇದೇ ಲೆಕ್ಕ.

ಅಂಕಿಗಳನ್ನು ಓದುವ ಬಗೆ

ವ್ಯಾಟ್ ನೋಡಿ ಕೊಳ್ಳಬೇಡಿ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್, ಅದು ಕಿವಿಗೆ "ಸ್ವಲ್ಪ ಜೋರು" ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಲು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಡಬ್ಬದ ಮೇಲೆ 1000 ವ್ಯಾಟ್ ಎಂದು ಬರೆದಿರುವುದು ಹೆಚ್ಚಾಗಿ ಕ್ಷಣಮಾತ್ರದ ಪೀಕ್ ಅಂಕಿ, ನಿರಂತರ ಸಾಮರ್ಥ್ಯ ಅದರ ಅರ್ಧವೋ ಇನ್ನೂ ಕಡಿಮೆಯೋ ಇರುತ್ತದೆ.

ಹೋಲಿಸಲು ಯೋಗ್ಯವಾದ ಅಂಕಿ ಗರಿಷ್ಠ ಎಸ್‌ಪಿಎಲ್, ಅಂದರೆ ಸ್ಪೀಕರ್ ಕೊಡಬಲ್ಲ ಅತಿ ಹೆಚ್ಚಿನ ಜೋರು ಎಷ್ಟು ಡೆಸಿಬಲ್ ಎಂಬುದು. ಅದರಲ್ಲೂ ಒಂದು ಹಿಕ್ಮತ್ತು ಇದೆ. ಕೆಲವರು ಅಳೆದು ಬರೆಯುತ್ತಾರೆ, ಕೆಲವರು ಡ್ರೈವರಿನ ಸೂಕ್ಷ್ಮತೆಗೆ (ಒಂದು ವ್ಯಾಟ್‌ಗೆ ಬರುವ ಜೋರಿಗೆ) ವ್ಯಾಟನ್ನು ಕೂಡಿ ಕಾಗದದ ಮೇಲೆ ಲೆಕ್ಕ ಹಾಕಿ ಬರೆಯುತ್ತಾರೆ. "ಅಳತೆ" ಎಂಬ ಮಾತು ಇರುವ, ಅಳೆದ ವಿಧಾನ ಹೇಳುವ ಕಾಗದವನ್ನು ಹೆಚ್ಚು ನಂಬಿ. ಹಾಗೆ ಹೇಳದ ಅಂಕಿಯಿಂದ 3ರಿಂದ 6 ಕಳೆದು ಲೆಕ್ಕಕ್ಕೆ ತನ್ನಿ.

ಬಾಸ್ ಎಷ್ಟು ಕೆಳಗಿಳಿಯುತ್ತದೆ ಎಂಬುದಕ್ಕೆ ಮೈನಸ್ 3 ಡೆಸಿಬಲ್ ಅಂಕಿ (ದನಿ 3 ಡೆಸಿಬಲ್ ಕುಗ್ಗುವ ಹರ್ಟ್ಜ್) ನೋಡಿ, ಮೈನಸ್ 10ರದ್ದಲ್ಲ. ಮೈನಸ್ 10ರಲ್ಲಿ 45 ಹರ್ಟ್ಜ್ ಎಂದು ಬರೆದ ಡಬ್ಬ ನಿಜಕ್ಕೂ 60ರ ಆಸುಪಾಸಿನಲ್ಲೇ ಸೋಲತೊಡಗಿರಬಹುದು. ಇದಕ್ಕಿಂತ ದೊಡ್ಡ ಬಲೆ ಒಳಗಿನ ಡಿಎಸ್‌ಪಿಯದು, ಅಂದರೆ ದನಿಯನ್ನು ತಿದ್ದುವ ಡಿಜಿಟಲ್ ಚಿಪ್ಪಿನದು. ಚಿಕ್ಕ ಡಬ್ಬದ ಡಿಎಸ್‌ಪಿ ದನಿ ಮೆಲ್ಲಗಿರುವಾಗ ಬಾಸನ್ನು ಎತ್ತಿ ಕೊಡುತ್ತದೆ, ಜೋರಾದಂತೆಲ್ಲ ಕೋನ್ ಹರಿಯದಿರಲೆಂದು ಅದನ್ನೇ ಇಳಿಸುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಮೆಲ್ಲಗೆ ಹಾಕಿದಾಗ ದೊಡ್ಡ ಸ್ಪೀಕರಿನಂತೆ ಕೇಳಿಸಿದ್ದು ಕಾರ್ಯಕ್ರಮದಲ್ಲಿ ಟಿನ್ ಡಬ್ಬದಂತಾಗುವುದು ಇದೇ ಕಾರಣಕ್ಕೆ. ಕಾಗದದ ಮೇಲಿನ ಬಾಸ್ ಅಂಕಿ ಯಾವ ಜೋರಿನಲ್ಲಿ ಅಳೆದದ್ದು ಎಂಬುದನ್ನು ಯಾರೂ ಬರೆಯುವುದಿಲ್ಲವೆಂದೇ ಇಟ್ಟುಕೊಳ್ಳಿ. ಇದನ್ನು ಕಿವಿಯಿಂದಲೇ ಪರೀಕ್ಷಿಸಬೇಕು.

10, 12, 15: ಯಾವ ಟಾಪ್

ಪ್ಲಾಸ್ಟಿಕ್ ಡಬ್ಬದ ಆಕ್ಟಿವ್ ಟಾಪುಗಳು ಹೆಚ್ಚಾಗಿ 8 ಇಂಚಿಗೆ 8ರಿಂದ 12 ಕೆಜಿ, 10 ಇಂಚಿಗೆ 11ರಿಂದ 15, 12 ಇಂಚಿಗೆ 14ರಿಂದ 18, 15 ಇಂಚಿಗೆ 17ರಿಂದ 24 ಕೆಜಿ ತೂಗುತ್ತವೆ. ಅದೇ ಗಾತ್ರದ ಪ್ಲೈವುಡ್ ಡಬ್ಬಕ್ಕೆ ಇನ್ನೂ ಕೆಲವು ಕೆಜಿ ಸೇರಿಸಿ. ಡಬ್ಬದ ಪಕ್ಕಗಳು ಅದುರುವುದು ಕಡಿಮೆ ಎಂಬುದು ಅದರ ಗುಣ.

ಸಬ್ ಜೊತೆಗಿದ್ದರೆ 15 ಇಂಚಿನ ಟಾಪ್ ಹೊರುವುದು ವ್ಯರ್ಥ. ಅದರ ದೊಡ್ಡ ಕೋನ್ ಗಳಿಸಿಕೊಡುವ ಬಾಸನ್ನು ಸಬ್ ಹೇಗೂ ಹೊರುತ್ತದೆ. ಮೇಲಾಗಿ ಕೋನಿನ ಅಗಲ ತರಂಗದ ಉದ್ದಕ್ಕೆ ಸಮನಾದಲ್ಲಿಂದ ದನಿ ಕಿರಿದಾಗಿ ಮುಂದಕ್ಕೆ ಮಾತ್ರ ಹೋಗತೊಡಗುತ್ತದೆ. 15 ಇಂಚಿನ ಕೋನಿಗೆ ಅದು ಸುಮಾರು 1000 ಹರ್ಟ್ಜ್‌ನಲ್ಲಿ, 12ಕ್ಕೆ 1300, 10ಕ್ಕೆ 1600ರಲ್ಲಿ. ಹಾಡಿನ ಮಾತು ತಿಳಿಯುವುದೇ ಈ ಜಾಗದಲ್ಲಿ. 15 ಇಂಚಿನ ಕೋನ್ ಮತ್ತು 1 ಇಂಚಿನ ಚಿಕ್ಕ ಕಂಪ್ರೆಷನ್ ಡ್ರೈವರ್ (ಮೇಲಿನ ದನಿಗಳನ್ನು ಕೊಡುವುದು) ಜೋಡಿಸಿದ ಡಬ್ಬದಲ್ಲಿ ಕೋನನ್ನೇ 2000 ಹರ್ಟ್ಜ್ ತನಕ ದುಡಿಸಬೇಕಾಗುತ್ತದೆ. ಎದುರಿಗೆ ನಿಂತವರಿಗೆ ದನಿ ಸರಿ, ಪಕ್ಕಕ್ಕೆ ಸರಿದವರಿಗೆ ಗಾಯಕ ಕಂಬಳಿ ಹೊದ್ದು ಹಾಡಿದಂತೆ. ಆದ್ದರಿಂದ ಕೋನಿನ ಇಂಚಿಗಿಂತ ಮೇಲಿನ ಡ್ರೈವರಿನ ವಾಯ್ಸ್ ಕಾಯಿಲ್ (ಅದನ್ನು ಅದುರಿಸುವ ತಂತಿಸುರುಳಿ) ಎಷ್ಟೆಂದು ಕೇಳಿ. 1.75 ಇಂಚು ಅಥವಾ ಅದಕ್ಕಿಂತ ದೊಡ್ಡ ಕಾಯಿಲ್ ಇರುವ 10 ಇಂಚಿನ ಟಾಪ್, 1 ಇಂಚಿನ ಕಾಯಿಲ್ ಇರುವ 15 ಇಂಚಿನ ಟಾಪಿಗಿಂತ ಹಾಡಿಗೆ ಎಷ್ಟೋ ಮೇಲು.

ಸಬ್ ಇಲ್ಲದೆ ಸ್ವಲ್ಪ ಕಿಕ್, ಸ್ವಲ್ಪ ಬಾಸ್ ಕೂಡ ಹೋಗಲಿ ಎನ್ನುವವರಿಗೆ 12 ಇಂಚು ಸರಿಯಾದ ನಡುದಾರಿ. ಒಂದೇ ಜೊತೆ ಸ್ಪೀಕರ್ ಕೊಳ್ಳುವ ಹಣವಿದ್ದು, ಕಾರ್ಯಕ್ರಮ ಒಂದೊಂದು ಸಲ ಒಂದೊಂದು ಬಗೆಯದಾದರೆ ನಮ್ಮ ಆಯ್ಕೆಯೂ ಅದೇ.

ಹಾರ್ನಿನ (ಮೇಲಿನ ದನಿಯನ್ನು ಹರಡುವ ಅಗಲ ಬಾಯಿ) ಹರವು ಎಷ್ಟು ಡಿಗ್ರಿ ಎಂಬುದನ್ನೂ ನೋಡಿ. ಅಡ್ಡಕ್ಕೆ 90 ಡಿಗ್ರಿ, ಮೇಲಿಂದ ಕೆಳಕ್ಕೆ 50ರಿಂದ 60 ಸಾಮಾನ್ಯ. ಅಗಲ ಕಡಿಮೆಯಿರುವ ಉದ್ದನೆಯ ಕೋಣೆಗೆ 75 ಒಳ್ಳೆಯದು, ಗೋಡೆಗೆ ಬಡಿಯುವ ದನಿ ಕಡಿಮೆಯಾಗುತ್ತದೆ.

ಕಾಲಂ ಸ್ಪೀಕರ್ ಬೇಕೇ?

ಚಿಕ್ಕ ಡ್ರೈವರುಗಳನ್ನು ಒಂದರ ಮೇಲೊಂದು ಜೋಡಿಸಿದ ಸಪೂರ ಕಂಬ, ಕೆಳಗೆ ಒಂದು ಸಬ್. ಬಿಡಿಸಿದರೆ ಚೀಲದಲ್ಲಿ ಹೋಗುತ್ತದೆ, ಸ್ಟ್ಯಾಂಡ್ ಬೇಡ, ನೋಡಲೂ ಚೆಂದ. ದನಿ ಅಡ್ಡಕ್ಕೆ ಅಗಲವಾಗಿ, ಮೇಲಕ್ಕೆ ಕೆಳಕ್ಕೆ ಕಿರಿದಾಗಿ ಹರಡುವುದರಿಂದ ಮುಂದಿನ ಸಾಲಿಗೆ ಕಿವಿಗಡಚಿಕ್ಕುವುದಿಲ್ಲ, ಹಿಂದಿನ ಸಾಲಿಗೆ ತೀರ ಕುಗ್ಗುವುದಿಲ್ಲ. ಇಬ್ಬರು ಮೂವರು ಕೂತು ಹಾಡುವ ಕಾರ್ಯಕ್ರಮಕ್ಕೆ ಇದಕ್ಕಿಂತ ಹಿತವಾದ ಸಾಧನ ಇಲ್ಲವೆನ್ನಬಹುದು.

ಡ್ರಮ್ಸ್ ಇರುವ ಬ್ಯಾಂಡಿಗೆ ಮಾತ್ರ ಎಚ್ಚರಿಕೆ ಬೇಕು. ಕಂಬದ ಈ ಗುಣ ಅದರ ಉದ್ದಕ್ಕೆ ಕಟ್ಟುಬಿದ್ದದ್ದು: 1 ಮೀಟರ್ ಕಂಬ ಸುಮಾರು 350 ಹರ್ಟ್ಜ್‌ಗಿಂತ ಕೆಳಗಿನ ದನಿಯನ್ನು ಹಿಡಿದಿಡಲಾರದು, ಕೆಲವು ಮೀಟರ್ ದಾಟಿದ ಮೇಲೆ ಉಳಿದದ್ದೂ ಮಾಮೂಲಿ ಸ್ಪೀಕರಿನಂತೆಯೇ ಇಳಿಯುತ್ತದೆ. 2-3 ಇಂಚಿನ ಡ್ರೈವರುಗಳು 200 ಹರ್ಟ್ಜ್‌ನಲ್ಲಿ ಜೋರಾಗಿ ನುಡಿಯಲಾರವು, ಹಾಗಾಗಿ ಆ ಭಾರ ಸಬ್‌ನ ಮೇಲೆ ಬೀಳುತ್ತದೆ. ಗಂಡು ದನಿಯ ಬುಡ ನೆಲದಿಂದ, ಉಳಿದದ್ದು ಎತ್ತರದಿಂದ ಬಂದಂತೆ ಕೇಳುತ್ತದೆ. ಇನ್ನು, "ಬ್ಯಾಂಡಿನ ಹಿಂದೆ ಇಟ್ಟರೆ ಮಾನಿಟರೇ ಬೇಡ" ಎಂಬ ಮಾತು ಒಂದು ಮೈಕ್ ಇರುವವರಿಗೆ ನಡೆಯುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಫೀಡ್‌ಬ್ಯಾಕ್ (ಸ್ಪೀಕರಿನ ದನಿ ಮೈಕಿಗೆ ಮರಳಿ ಹುಟ್ಟುವ ಕೀರಲು) ಬರುವ ಮೊದಲು ಏರಿಸಬಹುದಾದ ಜೋರು 3 ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೈಕ್, ಜೊತೆಗೆ ಡ್ರಮ್ಸ್ ಇದ್ದರೆ ಕಂಬವನ್ನೂ ಮೈಕುಗಳಿಗಿಂತ ಮುಂದೆಯೇ ಇಡಬೇಕಾಗುತ್ತದೆ.

ಸಬ್: ಒಂದೇ ಸಾಕು

ಹಗುರ ಸೆಟ್ಟಿನಲ್ಲಿ ಅತಿ ಭಾರದ ವಸ್ತು ಇದೇ, ಆದ್ದರಿಂದ ಇಲ್ಲಿ ಯೋಚನೆ ಹೆಚ್ಚು ಬೇಕು. 12 ಇಂಚಿನ ಸಬ್ 18ರಿಂದ 28 ಕೆಜಿ, 15 ಇಂಚಿನದು 28ರಿಂದ 40, 18 ಇಂಚಿನದು 40 ದಾಟುತ್ತದೆ. ಒಬ್ಬರೇ ಎತ್ತಬಲ್ಲದ್ದು ಹೆಚ್ಚೆಂದರೆ 25 ಕೆಜಿ. ಅದಕ್ಕಿಂತ ಭಾರವಿದ್ದರೆ ಹಿಂಬದಿಗೆ ಚಕ್ರ, ಎರಡೂ ಪಕ್ಕಕ್ಕೆ ಹಿಡಿ ಇರಲೇಬೇಕು. ಇಲ್ಲದಿದ್ದರೆ ಮೆಟ್ಟಿಲುಗಳ ಮೇಲೆ ಸೊಂಟ ಹಿಡಿಯುತ್ತದೆ.

ಎಡಕ್ಕೊಂದು ಬಲಕ್ಕೊಂದು ಸಬ್ ಇಡುವುದು ಹಳೆಯ ರೂಢಿ. ಹಾಗಿಟ್ಟಾಗ ಎರಡರ ನಡುವಿನ ಗೆರೆಯ ಮೇಲೆ ಬಾಸ್ ಉಬ್ಬುತ್ತದೆ, ಅಕ್ಕಪಕ್ಕಕ್ಕೆ ಹೋದಂತೆ ಒಂದು ಕಡೆ ಮಾಯ, ಇನ್ನೊಂದು ಕಡೆ ಪ್ರತ್ಯಕ್ಷ. 100 ಹರ್ಟ್ಜ್‌ಗಿಂತ ಕೆಳಗಿನ ದನಿ ಎತ್ತಣಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ, ಹಾಗಾಗಿ ಒಂದೇ ಸಬ್ಬನ್ನು ನಡುವೆಯೋ ಒಂದು ಪಕ್ಕಕ್ಕೋ ಇಟ್ಟರೆ ಬಾಸ್ ಹೆಚ್ಚು ಸಮನಾಗಿ ಹರಡುತ್ತದೆ, ಅರ್ಧ ಭಾರವೂ ಉಳಿಯುತ್ತದೆ. ಎರಡು ಸಬ್ ಇದ್ದರೂ ಪಕ್ಕಪಕ್ಕದಲ್ಲಿಡಿ. ಒಂದಕ್ಕಿಂತ 6 ಡೆಸಿಬಲ್ ಹೆಚ್ಚು ಸಿಗುತ್ತದೆ. ಇದೇ ಕಾರಣಕ್ಕೆ 18 ಇಂಚಿನ ಒಂದರ ಬದಲು 12 ಇಂಚಿನ ಎರಡನ್ನು ಕೊಳ್ಳುವುದು ಜಾಣತನ: ಚಿಕ್ಕ ಜಾಗಕ್ಕೆ ಒಂದು, ದೊಡ್ಡದಕ್ಕೆ ಎರಡು, 25 ಕೆಜಿಯೊಳಗಿನದಾದರೆ ಒಂದೊಂದನ್ನೂ ಒಬ್ಬರೇ ಹೊರಬಹುದು.

ಗೋಡೆ ಉಚಿತ ಆಂಪ್ಲಿಫೈಯರ್. ಸಬ್ಬನ್ನು ಗೋಡೆಗೆ ಒತ್ತಿಟ್ಟರೆ ಬಾಸ್ 3ರಿಂದ 6 ಡೆಸಿಬಲ್ ಏರುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಆದರೆ ಗೋಡೆಯಿಂದ 1 ಮೀಟರ್ ಮುಂದಕ್ಕೆ ಎಳೆದಿರೋ, ಗೋಡೆಗೆ ಬಡಿದು ಬರುವ ದನಿ ಸುಮಾರು 86 ಹರ್ಟ್ಜ್‌ನಲ್ಲಿ ನೇರ ದನಿಯನ್ನು ತಿಂದುಹಾಕುತ್ತದೆ, ಕಿಕ್ಕಿನ ಗುದ್ದು ಹೋಗುತ್ತದೆ. ಒತ್ತಿಡಿ, ಇಲ್ಲವಾದರೆ 2 ಮೀಟರಿಗಿಂತ ಹೆಚ್ಚು ದೂರ ಇಡಿ.

ಟಾಪ್ ಮತ್ತು ಸಬ್ ನಡುವಿನ ಕ್ರಾಸ್‌ಓವರ್ (ದನಿ ಎರಡಕ್ಕೂ ಹಂಚಿಕೆಯಾಗುವ ಗಡಿ) 100 ಹರ್ಟ್ಜ್‌ನಲ್ಲಿ ಶುರುಮಾಡಿ. 8 ಇಂಚಿನ ಟಾಪಿದ್ದರೆ 120. ಮುಖ್ಯವಾಗಿ, ಟಾಪಿನ ಹೈಪಾಸ್ ಫಿಲ್ಟರ್ (ಆ ಗಡಿಗಿಂತ ಕೆಳಗಿನ ದನಿಯನ್ನು ತಡೆಯುವುದು) ನಿಜವಾಗಿ ಆನ್ ಆಗಿದೆಯೇ ನೋಡಿ. ಚಿಕ್ಕ ಟಾಪ್ ದೊಡ್ಡ ಕೆಲಸ ಮಾಡುವುದೇ ಈ ಫಿಲ್ಟರಿನಿಂದ: ಬಾಸಿನ ಹೊರೆ ಇಳಿದ ಕೋನ್ ಹಾಡನ್ನು ಜೋರಾಗಿ, ತಿಳಿಯಾಗಿ ಕೊಡುತ್ತದೆ. ಫಿಲ್ಟರನ್ನು ಸಬ್‌ನಲ್ಲಿ ಒಮ್ಮೆ, ಟಾಪಿನಲ್ಲಿ ಇನ್ನೊಮ್ಮೆ ಹಾಕಿಬಿಟ್ಟರೆ ಮಾತ್ರ ನಡುವೆ ಗುಂಡಿ ಬೀಳುತ್ತದೆ. ಒಂದೇ ಕಡೆ ಸಾಕು.

ಜೋಡಿಸಿದ ಮೇಲೆ ಪೊಲಾರಿಟಿ ಪರೀಕ್ಷೆ ಮಾಡದೆ ಬಿಡಬೇಡಿ. ಕ್ರಾಸ್‌ಓವರ್ ಎಷ್ಟಿದೆಯೋ ಅದೇ 100 ಹರ್ಟ್ಜ್ ಟೋನ್ ಹಾಕಿ, ಕೇಳುಗರ ಜಾಗದಲ್ಲಿ ನಿಂತು, ಸಬ್‌ನ ಪೊಲಾರಿಟಿ ಗುಂಡಿಯನ್ನು ಅತ್ತಿತ್ತ ಒತ್ತಿಸಿ. ಯಾವ ಸ್ಥಾನದಲ್ಲಿ ಜೋರೋ ಅದೇ ಸರಿ. ತಪ್ಪಾದ ಸ್ಥಾನದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಟಾಪ್ ಒಂದು ಕಡೆ ತಳ್ಳಿದರೆ ಸಬ್ ಇನ್ನೊಂದು ಕಡೆ ತಳ್ಳುತ್ತದೆ; ಎಷ್ಟು ಏರಿಸಿದರೂ ಬಾಸ್ ಬರುವುದಿಲ್ಲ. ಸಬ್ ದುರ್ಬಲವೆಂದು ದೂರುವ ಎಷ್ಟೋ ಕಡೆ ಆಗಿರುವುದು ಇದೇ.

ವೇದಿಕೆಯ ಜೋರು ಇಳಿಸದೆ ಪಿಎ ಹಗುರಾಗದು

ಮೈಕಿಲ್ಲದ ಡ್ರಮ್ಸ್, ಅದಕ್ಕೆ ಪೈಪೋಟಿಯ ಗಿಟಾರ್ ಆಂಪ್, ಅವೆರಡನ್ನೂ ಮೀರಲು ಮಾನಿಟರುಗಳು, ಅವುಗಳ ಮೇಲೆ ಹಾಡು ಕೇಳಿಸಲು ಪಿಎ. ಈ ಏಣಿಯ ಕೆಳಗಿನ ಮೆಟ್ಟಿಲು ಇಳಿಸಿದರೆ ಮೇಲಿನವೆಲ್ಲ ಇಳಿಯುತ್ತವೆ. ಪಿಎ 3 ಡೆಸಿಬಲ್ ಮೆಲ್ಲಗಾದರೆ ಬೇಕಾಗುವ ಶಕ್ತಿ ಅರ್ಧ. ಹಗುರವಾದ ಕೋಲು, ಡ್ರಮ್ಮಿನ ಮುಂದೆ ಪರದೆ, ಗಿಟಾರ್ ಆಂಪನ್ನು ಕುರ್ಚಿಯ ಮೇಲಿಟ್ಟು ನುಡಿಸುವವರ ಕಿವಿಯತ್ತ ಓರೆಯಾಗಿ ತಿರುಗಿಸುವುದು, ಇವು ತೂಕವಿಲ್ಲದ ಉಪಾಯಗಳು.

ಎಲ್ಲಕ್ಕಿಂತ ಹೆಚ್ಚು ಕೆಜಿ ಉಳಿಸುವುದು ಕಿವಿಯೊಳಗಿನ ಮಾನಿಟರ್. ನಾಲ್ಕು ಡಬ್ಬಗಳ ಜಾಗಕ್ಕೆ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಮೈಕಿಗೆ ನುಗ್ಗುವ ದನಿ ಕಡಿಮೆಯಾಗಿ ಫೀಡ್‌ಬ್ಯಾಕ್ ದೂರ ಸರಿಯುತ್ತದೆ. ಕೂತಲ್ಲೇ ನುಡಿಸುವ ಡ್ರಮ್ಮರ್ ಮತ್ತು ಕೀಬೋರ್ಡ್‌ನವರಿಗೆ ವೈರ್‌ಲೆಸ್ ಬೇಡ, ತಂತಿಯ ಹೆಡ್‌ಫೋನ್ ಆಂಪ್ ಸಾಕು. ಲಿಮಿಟರ್ (ಜೋರು ಮಿತಿ ಮೀರದಂತೆ ತಡೆಯುವುದು) ಇಲ್ಲದೆ ಇದನ್ನು ಯಾರ ಕಿವಿಗೂ ಹಾಕಬೇಡಿ. ಒಂದು ಕೇಬಲ್ ಕಳಚಿ ಬಂದ ಸದ್ದು ನೇರ ಕಿವಿಯ ಪರದೆಗೇ ಹೋಗುತ್ತದೆ. ಡಬ್ಬದ ಮಾನಿಟರೇ ಬೇಕೆನ್ನುವವರು ಅದನ್ನು ಮೈಕಿನ ಕಿವುಡು ಕಡೆಗಿಡಿ: ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ) ಮೈಕಿಗೆ ಅದು ನೇರ ಹಿಂದೆ, 180 ಡಿಗ್ರಿಗೆ, ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್‌ಗೆ ಸುಮಾರು 125 ಡಿಗ್ರಿಗೆ, ಅಂದರೆ ಹಿಂಬದಿಯ ಎಡಕ್ಕೋ ಬಲಕ್ಕೋ.

ಮಿಕ್ಸರ್ ವಿಷಯ ಚಿಕ್ಕದು. ವೇದಿಕೆಯ ಮೇಲೇ ಇಟ್ಟು ಟ್ಯಾಬ್ಲೆಟ್‌ನಿಂದ ನಡೆಸುವ ಡಿಜಿಟಲ್ ಮಿಕ್ಸರ್ ತೆಗೆದುಕೊಂಡರೆ ಮಲ್ಟಿಕೋರ್ ಕೇಬಲ್ಲಿನ ಭಾರವೂ ಹೋಗುತ್ತದೆ. ಅದರೊಳಗಿನ ವೈಫೈ ನಂಬಬೇಡಿ. ಜನ ತುಂಬಿದ ಮೇಲೆ ಕಡಿದುಹೋಗುತ್ತದೆ. 5 ಗಿಗಾಹರ್ಟ್ಜ್‌ನ ಬೇರೆ ರೌಟರ್ ಇಟ್ಟು ಎತ್ತರದಲ್ಲಿ ನಿಲ್ಲಿಸಿ. ಸ್ಪೀಕರಿನ ಬೆನ್ನಲ್ಲೇ ಇರುವ ಎರಡು ಮೂರು ಚಾನೆಲ್ ಮಿಕ್ಸರ್ ಬ್ಯಾಂಡಿಗೆ ಸಾಲದು.

ಕೊಳ್ಳುವ ಮೊದಲು ಪರೀಕ್ಷೆ

ಒಂದು ಗಂಟೆಯಾದರೂ ಸಮಯ ಕೇಳಿ, ನಿಮ್ಮದೇ ಮೈಕ್ ಮತ್ತು ಚೆನ್ನಾಗಿ ಗೊತ್ತಿರುವ ರೆಕಾರ್ಡಿಂಗ್ ಒಯ್ಯಿರಿ. ಡಿಎಸ್‌ಪಿಯಲ್ಲಿ ಬಾಸ್ ಬೂಸ್ಟ್, ಡಿಜೆ ಮೋಡ್ ಮುಂತಾದವನ್ನೆಲ್ಲ ಆಫ್ ಮಾಡಿಸಿ. ಸ್ಪೀಕರನ್ನು ನೆಲದ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೇಳಿ. ಮೊದಲು ಮಾತು, ಆಮೇಲೆ ಹಾಡು, ಕೊನೆಗೆ ಸಂಗೀತ. ಎದುರಿನಿಂದ 45 ಡಿಗ್ರಿ ಪಕ್ಕಕ್ಕೆ ನಡೆದು ಹೋಗಿ, ದನಿಯ ಬಣ್ಣ ಬದಲಾಗುತ್ತದೆಯೇ ಗಮನಿಸಿ. ಸ್ವಲ್ಪ ಮಸುಕಾಗುವುದು ಸಹಜ, ಮಾತೇ ತಿಳಿಯದಂತಾದರೆ ಬೇಡ.

ಆಮೇಲೆ ಲಿಮಿಟ್ ದೀಪ ಆಗಾಗ ಮಿನುಗುವಷ್ಟು ಜೋರು ಮಾಡಿ 20 ನಿಮಿಷ ಹಾಗೇ ಬಿಡಿ. ಬಾಸ್ ಕರಗಿತೇ? 2000ದಿಂದ 4000 ಹರ್ಟ್ಜ್ ನಡುವೆ ಕರ್ಕಶ ಆಯಿತೇ? ಮೊದಲಿಗಿಂತ ಮೆಲ್ಲಗಾಯಿತೇ? ವಾಯ್ಸ್ ಕಾಯಿಲ್ ಕಾದಾಗ ಅದರ ರೋಧ ಏರಿ ಜೋರು ಇಳಿಯುತ್ತದೆ, ಅಗ್ಗದ ಡಬ್ಬಗಳಲ್ಲಿ ಇದು ಕಿವಿಗೇ ಗೊತ್ತಾಗುತ್ತದೆ. ನಂತರ ಸಂಗೀತ ನಿಲ್ಲಿಸಿ ಫ್ಯಾನಿನ ಸದ್ದು, ಹಿಸ್ (ಸುಯ್ ಎನ್ನುವ ಸದ್ದು) ಎಷ್ಟಿದೆ ಕೇಳಿ. ಮೌನವಿರುವ ಹಾಡುಗಳಲ್ಲಿ ಇವು ಕಾಡುತ್ತವೆ.

ಕಡೆಯ ಪರೀಕ್ಷೆ ತೋಳಿನದು. ನೀವೇ ಡಬ್ಬವನ್ನು ಎತ್ತಿ, ಎದೆಮಟ್ಟದ ಸ್ಟ್ಯಾಂಡಿನ 35 ಮಿಲಿಮೀಟರ್ ಕಂಬಕ್ಕೆ ಕೂರಿಸಿ. ನೆಲದಲ್ಲಿ ಸಾಗಿಸುವ ತೂಕಕ್ಕೂ ಎದೆಮಟ್ಟಕ್ಕೆ ಎತ್ತಿ ತೂತನ್ನು ಹುಡುಕುವ ತೂಕಕ್ಕೂ ಅಜಗಜಾಂತರ. ಮೇಲಿನ ಹಿಡಿ ಒಂದೇ ಇರುವ ಡಬ್ಬ ಇಲ್ಲಿ ಸೋಲುತ್ತದೆ, ಪಕ್ಕದಲ್ಲೂ ಹಿಡಿ ಬೇಕು. ಗಾಡಿಯ ಡಿಕ್ಕಿಯ ಅಗಲ, ಎತ್ತರ ಅಳೆದ ಚೀಟಿ ಜೇಬಿನಲ್ಲಿರಲಿ. ಚೀಲ ಹಾಕಿದ ಮೇಲೆ ಪ್ರತಿ ಬದಿಗೂ ಒಂದೆರಡು ಸೆಂಟಿಮೀಟರ್ ಸೇರುತ್ತದೆ.

ಮೊದಲ ಕಾರ್ಯಕ್ರಮಕ್ಕೆ ಜೋಡಿಸುವಾಗ

ಟಾಪುಗಳು ಮೈಕುಗಳಿಗಿಂತ ಕನಿಷ್ಠ 1 ಮೀಟರ್ ಮುಂದೆ, ಹಾರ್ನ್ ನಿಂತ ಜನರ ತಲೆಗಿಂತ ಮೇಲೆ, ಅಂದರೆ 2 ಮೀಟರ್ ಆಸುಪಾಸು. ಇಷ್ಟು ಮಾಡಿದರೆ ಮುಂದಿನ ಸಾಲಿನ ಮೈಗಳು ದನಿಯನ್ನು ನುಂಗುವುದಿಲ್ಲ. ಸ್ಟ್ಯಾಂಡಿನ ಕಾಲು ಪೂರ್ತಿ ಅಗಲಿಸಿ, ಒಂದು ಕಾಲು ಜನರ ಕಡೆಗಿರಲಿ, ಪಿನ್ ಹಾಕದೆ ಕೈಬಿಡಬೇಡಿ.

ಸ್ಪೀಕರಿನ ಇನ್‌ಪುಟ್ ಗುಂಡಿ ಲೈನ್‌ನಲ್ಲಿರಲಿ. ಮೈಕ್ ಸ್ಥಾನದಲ್ಲಿ ಬಿಟ್ಟರೆ ಮಿಕ್ಸರಿನ ದನಿ ಇನ್ನೊಮ್ಮೆ ಏರಿ, ಹಿಸ್ ಮತ್ತು ಕರ್ಕಶ ಎರಡೂ ಬರುತ್ತವೆ. ವಾಲ್ಯೂಮ್ 0 ಡೆಸಿಬಲ್ ಗುರುತಿನಲ್ಲಿ ನಿಲ್ಲಿಸಿ, ಉಳಿದದ್ದನ್ನು ಮಿಕ್ಸರಿನಲ್ಲಿ ಮಾಡಿ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲು.

ಕರೆಂಟಿನ ವಿಷಯದಲ್ಲಿ ಹಗುರ ಸೆಟ್ ನಿಶ್ಚಿಂತೆ. ಎರಡು ಟಾಪ್, ಒಂದು ಸಬ್ ಸಂಗೀತಕ್ಕೆ ಸರಾಸರಿ ಎಳೆಯುವುದು ಕೆಲವು ನೂರು ವ್ಯಾಟ್. ಆದರೆ ಮಿಕ್ಸರ್ ಒಂದು ಸಾಕೆಟ್ಟಿನಿಂದ, ಸ್ಪೀಕರ್ ದೂರದ ಇನ್ನೊಂದರಿಂದ ತೆಗೆದರೆ ಗುಂಯ್ ಎನ್ನುವ ಹಮ್ ಬರಬಹುದು. ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ ಹಂಚಿ, ಆದರೂ ಹೋಗದಿದ್ದರೆ ಡಿಐ ಬಾಕ್ಸಿನ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಡ್ಡದಾರಿ ಎಂದೂ ಬೇಡ. ಮೈಕಿಗೆ ತುಟಿ ತಾಗಿಸುವ ಗಾಯಕನ ಜೀವದ ಪ್ರಶ್ನೆ ಅದು.

ಹೊರಾಂಗಣದಲ್ಲಿ ಕಪ್ಪು ಡಬ್ಬಗಳ ಬೆನ್ನಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಆಂಪ್ ಕಾದು ತಾನಾಗಿ ನಿಂತರೆ ತಣ್ಣಗಾಗುವ ತನಕ ಏಳುವುದಿಲ್ಲ. ಅಲ್ಲಿ ಗೋಡೆಗಳ ನೆರವೂ ಇಲ್ಲದ್ದರಿಂದ ಒಳಾಂಗಣದಲ್ಲಿ ಸಾಕಾದ ಸಬ್ ಹೊರಗೆ ಬಡವಾಗುತ್ತದೆ. 12 ಇಂಚಿನ ಎರಡನೆಯ ಸಬ್ ಗಾಡಿಗೆ ಹತ್ತಬೇಕಾದ್ದು ಅಂಥ ದಿನ.

ಆಕ್ಟಿವ್ ಸ್ಪೀಕರಿಗೆ ಒಂದು ಕೊರತೆ ಇದೆ: ಒಳಗಿನ ಆಂಪ್ ಕೆಟ್ಟರೆ ಇಡೀ ಡಬ್ಬ ಮೂಕ. ಅದಕ್ಕೆ ಉತ್ತರವಾಗಿ ಮಾನಿಟರ್ ಕೊಳ್ಳುವುದಾದರೆ ಟಾಪಿನದೇ ಮಾದರಿ ಕೊಳ್ಳಿ. ಅಡ್ಡ ಮಲಗಿಸಿ ಮಾನಿಟರ್ ಆಗಿ ಇಡಲು ಓರೆ ಬದಿ ಇರುವ ಟಾಪುಗಳು ಬೇಕಾದಷ್ಟಿವೆ. ಎಡದ ಟಾಪ್ ನಿಂತುಹೋದರೆ ಹಾಡಿನ ನಡುವಿನ ಬಿಡುವಿನಲ್ಲಿ ಆ ಮಾನಿಟರನ್ನೇ ಮೇಲೆತ್ತಿ ಕೂರಿಸಬಹುದು. ಚೀಲದಲ್ಲಿ ಒಂದು ಹೆಚ್ಚುವರಿ ಪವರ್ ಕೇಬಲ್, ಎರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್, ಸ್ಪೀಕರ್ ಬೆನ್ನ ಮೇಲೆ ಬರೆದಿರುವ ಅಳತೆಯದೇ ಎರಡು ಫ್ಯೂಸ್ ಇರಲಿ. ಪವರ್ ಕೇಬಲ್ಲಿಗೆ ತಿರುಗಿಸಿ ಲಾಕ್ ಆಗುವ ಕನೆಕ್ಟರ್ ಇಲ್ಲದ ಡಬ್ಬಗಳಲ್ಲಿ, ಕೇಬಲನ್ನು ಹಿಡಿಯ ಸುತ್ತ ಒಂದು ಸುತ್ತು ಹಾಕಿಯೇ ಸಿಕ್ಕಿಸಿ. ಅದುರಿ ಅದುರಿ ಕಳಚಿಕೊಳ್ಳುವುದು ಆಗ ತಪ್ಪುತ್ತದೆ.